ಸಂಗೀತ ಕಚೇರಿ ರೆಕಾರ್ಡಿಂಗ್ ಮಾಸ್ಟರಿಂಗ್: ಹೈಪಾಸ್‌ಗೆ ಎಷ್ಟು ಡಿಬಿ ಸ್ಲೋಪ್ ಇಡ್ಬೇಕು? ಮೃದಂಗದ ಎಡ ಒಣಗಿಹೋಗ್ತಿದೆ

ಶ್ರುತಿಪೆಟ್ಟಿಗೆ

ಎಲ್ರಿಗೂ ನಮಸ್ಕಾರ. ಸ್ನೇಹಿತರೊಬ್ಬರ ಕಚೇರಿ ರೆಕಾರ್ಡಿಂಗ್ ಮಾಸ್ಟರ್ ಮಾಡ್ತಿದೀನಿ, ಅಂದ್ರೆ ಹೊರಗೆ ಬಿಡೋ ಮುಂಚೆ ಕೊನೇ ಸಲ ತಿದ್ದಿ ಹದ ಮಾಡೋದು. ಎರಡೂಕಾಲು ಗಂಟೆ ಕಚೇರಿ, ಗಂಡು ಧ್ವನಿ, ಸಿ ಶಾರ್ಪ್ ಶ್ರುತಿ, ಪಿಟೀಲು, ಮೃದಂಗ, ಘಟ, ಹಿಂದೆ ನಿಜವಾದ ತಂಬೂರಿ. ಮಲ್ಟಿಟ್ರ್ಯಾಕ್ ಇಲ್ಲ, ಮಿಕ್ಸರಿಂದ ತೆಗೆದ ಸ್ಟೀರಿಯೋ ಒಂದೇ ಕೈಲಿರೋದು. ಬಯಲು ವೇದಿಕೆ, ಹಲಗೆ ಸ್ಟೇಜು, ಕರೆಂಟು ಎರಡು ಸಲ ಹೋಗಿ ಜನರೇಟರ್ ಹಾಕಿದಾರೆ. ಹಾಗಾಗಿ ತಳದಲ್ಲಿ ಒಂದು ಗುಡುಗುಡು ಇದೆ, ಹಮ್ (ಕರೆಂಟಿನ ಗುಂಯ್ ಸದ್ದು) ಕೂಡ ಇದೆ.

ನಾನು ಮೊದಲು 40 ಹರ್ಟ್ಜ್‌ಗೆ 24 ಡಿಬಿ ಹೈಪಾಸ್ ಹಾಕ್ದೆ (ಹೈಪಾಸ್ ಅಂದ್ರೆ ಒಂದು ಮಟ್ಟಕ್ಕಿಂತ ಕೆಳಗಿನ ನಾದ ಕತ್ತರಿಸೋ ಫಿಲ್ಟರ್, ಸ್ಲೋಪಿನ ಡಿಬಿ ಜಾಸ್ತಿ ಇದ್ದಷ್ಟೂ ಕತ್ತರಿಸೋದು ಕಡಿದಾಗತ್ತೆ). ಪೂರ್ತಿ ಹೋಗ್ಲಿಲ್ಲ ಅನ್ನಿಸ್ತು, 60ಕ್ಕೆ ತಂದು 48 ಡಿಬಿ ಮಾಡ್ದೆ. ಅನಲೈಸರ್‌ನಲ್ಲಿ ನೋಡಿದ್ರೆ ತುಂಬಾ ಕ್ಲೀನ್. ಆದ್ರೆ ಕೇಳಿದ್ರೆ ಮೃದಂಗದ ಎಡಗಡೆ ಪೆಟ್ಟು ಒಣಗಿದ ಹಾಗೆ ಇದೆ, ಗುಮ್ಕಿ (ಎಡಗೈ ಒತ್ತಿ ಜಾರಿಸೋ ನಾದ) ಬರೋವಾಗ ಚರ್ಮ ಕೇಳತ್ತೆ ಹೊಟ್ಟೆ ಕೇಳಲ್ಲ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ವಿಚಿತ್ರ ಏನಂದ್ರೆ ತಂಬೂರಿ ಮಂದ್ರ ಷಡ್ಜ ಇರೋ 69 ಹರ್ಟ್ಜ್ ಹತ್ರ ಲೆವೆಲ್ ಅಷ್ಟೇನೂ ಬಿದ್ದಿಲ್ಲ. ಇನ್ನೊಂದು ವಿಚಿತ್ರ, ಫಿಲ್ಟರ್ ಹಾಕಿದ್ಮೇಲೆ ಪೀಕ್ ಜಾಸ್ತಿ ಆಯ್ತು! ತೆಗೆದಿದ್ದು ಬಾಸ್, ಪೀಕ್ ಯಾಕೆ ಏರ್ಬೇಕು?

ಲೀನಿಯರ್ ಫೇಸ್‌ಗೂ (ಎಲ್ಲಾ ನಾದಕ್ಕೂ ಒಂದೇ ಸಮ ತಡ ಕೊಡೋ ಫಿಲ್ಟರ್ ಬಗೆ) ಬದಲಾಯಿಸಿ ನೋಡ್ದೆ. ಆಗ ಎಡಗೈ ಪೆಟ್ಟಿಗೆ ಮುಂಚೆನೇ ಒಂದು ಸಣ್ಣ ಉಸಿರು ಬಂದಂಗೆ ಕೇಳತ್ತೆ. 6, 12, 18, 24, 48 ಇದರಲ್ಲಿ ಯಾವ್ದನ್ನ ಯಾವಾಗ ಹಾಕ್ಬೇಕು, ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಮಿಕ್ಸ್_ಮಲೆನಾಡು

30 ಹರ್ಟ್ಜ್, 24 ಡಿಬಿ. ನಾನು ಎಲ್ಲಾ ಮಾಸ್ಟರಿಗೂ ಇದೇ ಹಾಕೋದು, ಇವತ್ತಿನವರೆಗೆ ಯಾರೂ ಏನೂ ಅಂದಿಲ್ಲ. ಲೀನಿಯರ್ ಫೇಸ್ ಇಟ್ಕೊಳ್ಳಿ, ಮಾಸ್ಟರಿಂಗ್‌ನಲ್ಲಿ ಫೇಸ್ ಕೆಡಿಸೋದು ತಪ್ಪು.

ಹಳೇಟೇಪು

ಶ್ರುತಿಪೆಟ್ಟಿಗೆ ಅವ್ರೇ, ನಿಮ್ಮ ಕಿವಿ ಸರಿಯಾಗೇ ಹೇಳ್ತಿದೆ, ಅನಲೈಸರ್ ನೋಡಿ ಅದನ್ನ ಅನುಮಾನಿಸ್ಬೇಡಿ. ನಾನು ಟೇಪಿನ ಕಾಲದಿಂದ ಈ ಕೆಲಸ ಮಾಡ್ತಾ ಬಂದಿರೋನು, ಸ್ವಲ್ಪ ಉದ್ದ ಆಗತ್ತೆ ಓದ್ಕೊಳ್ಳಿ.

ಸ್ಲೋಪ್ ಅನ್ನೋದು ಮೊದಲನೇ ಪ್ರಶ್ನೆ ಅಲ್ಲ. ಮೊದಲು ಎರಡು ಜಾಗ ಹುಡುಕಿ. ಸಂಗೀತದ ಅತಿ ಕೆಳಗಿನ ತುದಿ ಎಲ್ಲಿದೆ, ಕಸದ ಅತಿ ಮೇಲಿನ ತುದಿ ಎಲ್ಲಿದೆ. ಇವೆರಡರ ಮಧ್ಯೆ ಎಷ್ಟು ಜಾಗ ಇದೆ ಅನ್ನೋದೇ ಸ್ಲೋಪ್ ಹೇಳತ್ತೆ. ಜಾಗ ಒಂದೂವರೆ ಆಕ್ಟೇವ್ (ಆಕ್ಟೇವ್ ಅಂದ್ರೆ ಹರ್ಟ್ಜ್ ದುಪ್ಪಟ್ಟಾಗೋ ಅಂತರ, ಒಂದು ಸ್ಥಾಯಿ) ಇದ್ರೆ 12 ಡಿಬಿ ಆರಾಮಾಗಿ ಸಾಕು. ಜಾಗ ಅರ್ಧ ಆಕ್ಟೇವ್ ಇದ್ರೆ ಕಡಿದಾದ್ದು ಬೇಕಾಗತ್ತೆ, ಅದಕ್ಕೆ ಬೆಲೆನೂ ಕೊಡ್ಬೇಕಾಗತ್ತೆ. ಜಾಗನೇ ಇಲ್ಲ, ಕಸ ಸಂಗೀತದ ಒಳಗೇ ಕೂತಿದೆ ಅಂದ್ರೆ ಹೈಪಾಸ್ ಅದಕ್ಕೆ ಔಷಧ ಅಲ್ಲ. ನೀವು 60ಕ್ಕೆ ಯಾಕೆ ಹೋದ್ರಿ ಅಂತ ನನ್ನ ಊಹೆ ಹೇಳ್ಲಾ, 50 ಹರ್ಟ್ಜ್ ಹಮ್ ತೆಗೆಯೋಕೆ. ಅಲ್ಲೇ ದಾರಿ ತಪ್ಪಿದ್ದು.

ಲೆಕ್ಕ ನೋಡಿ. ಕಟಾಫ್, ಅಂದ್ರೆ ಕತ್ತರಿಸೋಕೆ ಶುರು ಆಗೋ ಜಾಗ, 30 ಅಂತಿಟ್ಕೊಳ್ಳಿ, ಫಿಲ್ಟರ್ ಮಾಮೂಲಿ ಬಟರ್‌ವರ್ತ್ ಆಕಾರ. ಒಂದು ಆಕ್ಟೇವ್ ಕೆಳಗೆ, 15 ಹರ್ಟ್ಜ್‌ನಲ್ಲಿ, 6 ಡಿಬಿ ಸ್ಲೋಪ್ ಸುಮಾರು 7 ಡಿಬಿ ಕತ್ತರಿಸತ್ತೆ, 12ರದ್ದು 12.3, 24ರದ್ದು 24.1. ಇದು ಎಲ್ರಿಗೂ ಗೊತ್ತಿರೋದು. ಮೇಲ್ಗಡೆ ಏನಾಗತ್ತೆ ಅಂತ ಜನ ನೋಡಲ್ಲ. ನಿಮ್ಮ ತಂಬೂರಿ ಮಂದ್ರ ಷಡ್ಜ 69.3ರಲ್ಲಿ 6 ಡಿಬಿ ಸ್ಲೋಪ್ ಮುಕ್ಕಾಲು ಡಿಬಿ ತಿನ್ನತ್ತೆ, 12ರದ್ದು 0.15 ತಿನ್ನತ್ತೆ, 24ರದ್ದು ತಿನ್ನೋದೇ ಇಲ್ಲ ಅನ್ನಬಹುದು. ಅಂದ್ರೆ ಬರೀ ಲೆವೆಲ್ ನೋಡಿದ್ರೆ ಕಡಿದಾದ ಸ್ಲೋಪೇ ಸಂಗೀತಕ್ಕೆ ಮೆತ್ತಗೆ ಅನ್ನಿಸತ್ತೆ. ಅನಲೈಸರ್ ನೋಡ್ಕೊಂಡು ಕೆಲಸ ಮಾಡೋರು 48ಕ್ಕೆ ಹೋಗೋದೇ ಇದಕ್ಕೆ. ಆದ್ರೆ ಅನಲೈಸರ್ ಲೆವೆಲ್ ತೋರಿಸತ್ತೆ, ಹೊತ್ತು ತೋರಿಸಲ್ಲ. ಸ್ಲೋಪಿನ ಬೆಲೆ ಇರೋದು ಹೊತ್ತಿನಲ್ಲಿ.

ಹುಬ್ಬಳ್ಳಿ_ಸರ್ಕ್ಯೂಟ್

ಹಳೇಟೇಪು ಸರ್ ಹೇಳಿದ್ದು ಖರೆ ಐತಿ, ಆ ಹೊತ್ತಿನ ಲೆಕ್ಕ ನಾ ಕೊಡ್ತೀನಿ, ನಾ ಕಾಲೇಜಿನ್ಯಾಗ ಇದನ್ನ ಪಾಠ ಮಾಡಾಂವ.

ಫಿಲ್ಟರಿನ ಒಂದೊಂದು ಆರ್ಡರ್‌ಗೂ 6 ಡಿಬಿ ಸ್ಲೋಪ್ ಬರ್ತೈತಿ, ಅದರ ಸಂಗಡ ಕಟಾಫ್ ಹತ್ರ 45 ಡಿಗ್ರಿ ಫೇಸ್ (ಅಲೆ ಹೊತ್ತಿನ್ಯಾಗ ಎಷ್ಟು ಸರೀತು ಅನ್ನೂ ಅಳತಿ) ಬಂದ ಬರ್ತೈತಿ. 24 ಡಿಬಿ ಅಂದ್ರ ನಾಲ್ಕನೇ ಆರ್ಡರ್, ಕಟಾಫ್‌ನ್ಯಾಗ 180 ಡಿಗ್ರಿ. 48 ಅಂದ್ರ ಎಂಟನೇ ಆರ್ಡರ್, ಕಟಾಫ್‌ನ್ಯಾಗ 360, ಒಂದು ಪೂರ್ತಿ ಸುತ್ತು. ಇದು ಪ್ಲಗಿನ್ ಮಾಡಿದವರ ತಪ್ಪಲ್ರಿ, ಮಿನಿಮಮ್ ಫೇಸ್ (ಮಾಮೂಲಿ ಬಗಿ) ಫಿಲ್ಟರ್ ಅಂದ್ರ ಲೆವೆಲ್ ಬದಲಾದಷ್ಟು ಫೇಸ್ ಬದಲಾಗಾಕಬೇಕು, ಎರಡೂ ಒಂದೇ ರೊಕ್ಕದ ಎರಡು ಮುಖ.

ಈಗ ಶ್ರುತಿಪೆಟ್ಟಿಗೆ ಅವರು ಹಾಕಿದ 60 ಹರ್ಟ್ಜ್ 48 ಡಿಬಿ ತಗೋರಿ. 69.3ರಾಗ ಅದು ಕಡಿಮಿ ಮಾಡೂದು ಬರೇ 0.4 ಡಿಬಿ. ಅದಕ್ಕ ಅವರಿಗೆ ಮೀಟರ್‌ನ್ಯಾಗ ಏನೂ ಕಾಣಲಿಲ್ಲ. ಆದ್ರ ಅಲ್ಲಿ ಗ್ರೂಪ್ ಡಿಲೇ, ಅಂದ್ರ ಆ ನಾದ ಬರೂದ್ರಾಗಿನ ತಡಾ, ಸುಮಾರು 16 ರಿಂದ 17 ಮಿಲಿಸೆಕೆಂಡ್. 69 ಹರ್ಟ್ಜ್‌ನ ಒಂದು ಆವರ್ತಕ್ಕ 14.4 ಮಿಲಿಸೆಕೆಂಡ್ ಹಿಡೀತೈತಿ. ಅಂದ್ರ ಎಡಗೈ ಪೆಟ್ಟಿನ ಚರ್ಮದ ಸಪ್ಪಳ ಹೊತ್ತಿಗೆ ಸರಿಯಾಗಿ ಬಂತು, ಅದೇ ಪೆಟ್ಟಿನ ತಳ ಒಂದು ಸುತ್ತಿಗಿಂತ ಜಾಸ್ತಿ ತಡಾ ಮಾಡಿ ಬಂತು. ಒಂದು ಪೆಟ್ಟು ಎರಡು ತುಂಡಾತು. ನೀವು ಚರ್ಮ ಕೇಳ್ತೈತಿ ಹೊಟ್ಟಿ ಕೇಳಂಗಿಲ್ಲ ಅಂದ್ರಲ್ಲ, ಅದಕ್ಕಿಂತ ಚೊಲೋ ವಿವರಣೆ ನನ್ನ ಹತ್ರ ಇಲ್ಲ.

ಅದೇ ಜಾಗಾದಾಗ 30 ಹರ್ಟ್ಜ್ ಕಟಾಫ್ ಇಟ್ರ ಏನಾಗ್ತೈತಿ ನೋಡ್ರಿ: 6 ಡಿಬಿಗೆ 0.8 ಮಿಲಿಸೆಕೆಂಡ್, 12ಕ್ಕ 1.6, 18ಕ್ಕ 2.2, 24ಕ್ಕ 2.9. ಕಟಾಫ್ ಕೆಳಗ ಇಟ್ಟಷ್ಟೂ ಈ ತಡಾ ಕಸದ ಹತ್ರನ ಉಳೀತೈತಿ, ಸಂಗೀತಕ್ಕ ಬರಂಗಿಲ್ಲ. 24 ಡಿಬಿ ಫಿಲ್ಟರ್ 30 ಹರ್ಟ್ಜ್‌ನ್ಯಾಗ ಸುಮಾರು 20 ಮಿಲಿಸೆಕೆಂಡ್ ತಡಾ ಮಾಡ್ತೈತಿ, ಖರೆ, ಆದ್ರ ಕಚೇರಿಯೊಳಗ 30 ಹರ್ಟ್ಜ್‌ನ್ಯಾಗ ಯಾರೂ ಏನೂ ನುಡಿಸಂಗಿಲ್ಲ.

ಶ್ರುತಿಪೆಟ್ಟಿಗೆ

ಸರ್, ಆ ಸಂಖ್ಯೆ ಓದಿದಾಗಿಂದ ತಲೆಯಲ್ಲಿ ಅದೇ ಓಡ್ತಿದೆ. ಒಂದು ಸುತ್ತು ತಡ! ಹಾಗಾದ್ರೆ ಲೆವೆಲ್ ಪೂರ್ತಿ ಸರಿಯಿದ್ರೂ ಪೆಟ್ಟು ಮುರಿದುಹೋಗಬಹುದು.

ಈಗ ಕೂತು ಮತ್ತೆ ನೋಡ್ದೆ. ಗುಡುಗುಡು ಇರೋದು 18 ರಿಂದ 22 ಹರ್ಟ್ಜ್, ಯಾರಾದ್ರೂ ಸ್ಟೇಜ್ ಮೇಲೆ ಓಡಾಡಿದಾಗ ಜಾಸ್ತಿ ಆಗತ್ತೆ. ಹಮ್ 50, 100, 150ರಲ್ಲಿ ಗೆರೆ ಎಳೆದ ಹಾಗಿದೆ. ಎಡಗಡೆ ಗುಮ್ಕಿ ಶಕ್ತಿ 60 ರಿಂದ 100ರ ಮಧ್ಯೆ ಜಾರ್ತಾ ಹೋಗತ್ತೆ. ಹಳೇಟೇಪು ಸರ್ ಊಹೆ ಸರಿ, 50ರ ಗೆರೆ ನೋಡೇ ನಾನು 60ಕ್ಕೆ ಹೋಗಿದ್ದು.

ಇನ್ನೊಂದು ಅನುಮಾನ. ನಾನು ಒರಿಜಿನಲ್ ಟ್ರ್ಯಾಕ್ ಉಲ್ಟಾ ಮಾಡಿ ಫಿಲ್ಟರ್ ಮಾಡಿದ್ದರ ಜೊತೆ ಕೂಡಿಸಿ, ತೆಗೆದುಹೋಗಿದ್ದು ಏನು ಅಂತ ಕೇಳ್ದೆ. 30 ಹರ್ಟ್ಜ್ 24 ಡಿಬಿ ಇಟ್ರೂ ಅದರಲ್ಲಿ ಮೃದಂಗ ಧಾರಾಳವಾಗಿ ಕೇಳ್ತಿದೆ, ಹಾಡೋರ ಧ್ವನಿ ಕೂಡ ಸ್ವಲ್ಪ ಕೇಳತ್ತೆ. 30ಕ್ಕೆ ಇಟ್ಟಿದ್ದು ಧ್ವನಿನ ಯಾಕೆ ತೆಗೀತಿದೆ?

ಹುಬ್ಬಳ್ಳಿ_ಸರ್ಕ್ಯೂಟ್

ಇದು ಭಾಳ ಮಂದಿ ಬೀಳೂ ಗುಂಡಿ ರೀ. ತೆಗೀಲಿಕತ್ತಿಲ್ಲ ಅದು. ನೀವು ಕೇಳಾಕತ್ತಿದ್ದು ಫೇಸ್ ವ್ಯತ್ಯಾಸ.

30 ಹರ್ಟ್ಜ್ 24 ಡಿಬಿ ಫಿಲ್ಟರ್ 120 ಹರ್ಟ್ಜ್‌ನ್ಯಾಗ ಲೆವೆಲ್ ಕಡಿಮಿ ಮಾಡೂದು ಒಂದು ಡಿಬಿಯ ಸಾವಿರದಾಗ ಒಂದು ಪಾಲೂ ಅಲ್ಲ. ಆದ್ರ ಫೇಸ್ ಸುಮಾರು 38 ಡಿಗ್ರಿ ಸರಿಸ್ತೈತಿ. 38 ಡಿಗ್ರಿ ಸರಿದ ಎರಡು ಸಮಾನ ಅಲೆ ಕಳೆದ್ರ ಉಳಿಯೂದು ಮೂಲದ ಶೇಕಡಾ 65ರಷ್ಟು, ಮೂಲಕ್ಕಿಂತ ಬರೇ 3.8 ಡಿಬಿ ಕೆಳಗ. ಏನೂ ತೆಗೀದ ಜಾಗಾದಾಗ ಇಷ್ಟು ದೊಡ್ಡ ಶೇಷ ಕೇಳಿಸ್ತೈತಿ. ಅದನ್ನ ಕೇಳಿ ಜನ ಗಾಬರಿಯಾಗಿ ಅಯ್ಯೋ ಧ್ವನಿ ಹೋತು ಅಂತಾರ. 6 ಡಿಬಿ ಫಿಲ್ಟರ್ ಆದ್ರ ಕಳೆದು ಉಳಿದದ್ದು ಅಚ್ಚುಕಟ್ಟಾಗಿ ಒಂದು 6 ಡಿಬಿ ಲೋಪಾಸ್ (ಮ್ಯಾಲಿನ ನಾದ ಕತ್ತರಿಸೂ ಫಿಲ್ಟರ್) ಆಗ್ತೈತಿ, ಆರ್ಡರ್ ಏರಿದಂಗ ಈ ಸಂಬಂಧ ಮುರೀತೈತಿ. ಲೀನಿಯರ್ ಫೇಸ್‌ನ್ಯಾಗ ಮಾತ್ರ, ಎರಡೂ ಟ್ರ್ಯಾಕ್ ತಡಾ ಹೊಂದಿಸಿದ್ರ, ಈ ಪರೀಕ್ಷೆ ನಂಬಬಹುದು.

ಕರಣೆ_ರವೆ

ನಾನು ಮೃದಂಗ ನುಡಿಸೋನು, ಎಂಜಿನಿಯರ್ ಅಲ್ಲ, ಆದ್ರೂ ಈ ಚರ್ಚೆ ನೋಡಿ ಬರೀದೆ ಇರಕ್ಕಾಗ್ಲಿಲ್ಲ. ನಮ್ಮ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಎಡಗಡೆ ಹೀಗೇ ಸಾಯತ್ತೆ. ಬಲ ಮುಚ್ಚಿಗೆಗೆ (ಚರ್ಮದ ಮುಖಕ್ಕೆ) ಕರಣೆ, ಅಂದ್ರೆ ನಡುವಿನ ಕಪ್ಪು ಲೇಪ, ಇದೆ, ಅದರಿಂದಾನೇ ಅದರ ನಾದ ತಂತಿ ವಾದ್ಯದ ತರ ಸ್ವರಕ್ಕೆ ನಿಲ್ಲತ್ತೆ. ಸರ್ ಸಿ ವಿ ರಾಮನ್ 1920ರಲ್ಲೇ ಇದರ ಬಗ್ಗೆ ಬರೆದಿದಾರೆ, ಆಮೇಲೆ ಬೆಂಗಳೂರಲ್ಲಿದ್ದಾಗ 1934ರಲ್ಲಿ ಇನ್ನೂ ವಿವರವಾಗಿ ಬರೆದ್ರು, ಕರಣೆಯ ಭಾರದಿಂದ ಚರ್ಮದ ಮೊದಲ ಐದು ನಾದಗಳು ಹಾರ್ಮೋನಿಕ್ ಸಾಲಿಗೆ ಬರ್ತವೆ ಅಂತ. ಸಾಮಾನ್ಯ ಡೋಲಲ್ಲಿ ಹಾಗಾಗಲ್ಲ.

ಎಡಕ್ಕೆ ನಾವು ಕಚೇರಿಗೆ ಮುಂಚೆ ರವೆ ಹಚ್ತೀವಿ, ಒದ್ದೆ ರವೆ, ಎಷ್ಟು ಹಚ್ಚಿದ್ವಿ ಅನ್ನೋದ್ರ ಮೇಲೆ ತಳ ಎಷ್ಟು ಇಳಿಯತ್ತೆ ಅನ್ನೋದು. ಕಚೇರಿ ನಡೀತಾ ನಡೀತಾ ರವೆ ಒಣಗತ್ತೆ, ಫ್ಯಾನ್ ಕೆಳಗೆ ಕೂತ್ರೆ ಬೇಗ ಒಣಗತ್ತೆ, ಆಗ ಎಡದ ಶ್ರುತಿ ಮೇಲೇರತ್ತೆ, ಮಧ್ಯೆ ನೀರು ಮುಟ್ಟಿಸ್ತೀವಿ. ಅಂದ್ರೆ ನಿಮಗೆ ಮೊದಲನೇ ವರ್ಣದಲ್ಲಿ ಕೇಳೋ ತಳ ತನಿ ಆವರ್ತನದಲ್ಲಿ (ಬರೀ ತಾಳವಾದ್ಯ ನುಡಿಸೋ ಭಾಗ) ಇರಲ್ಲ. ಒಂದು ಕೃತಿ ಕೇಳಿ ಫಿಲ್ಟರ್ ಇಟ್ಟು ಎರಡು ಗಂಟೆಗೂ ಅದನ್ನೇ ಬಿಡ್ಬೇಡಿ ದಯವಿಟ್ಟು. ಗುಮ್ಕಿ ಅಂದ್ರೆ ಅಂಗೈ ಬುಡ ಒತ್ತಿ ನಾದ ಜಾರಿಸೋದು, ಆ ಜಾರು ಫಿಲ್ಟರಿನ ಕಟಾಫ್ ದಾಟ್ಕೊಂಡು ಹೋದ್ರೆ ಜಾರು ಮಧ್ಯದಲ್ಲೇ ಕಟ್ ಆದಂಗೆ ಕೇಳತ್ತೆ. ಅದನ್ನ ಕಲಿಯೋಕೆ ನಮಗೆ ವರ್ಷಗಟ್ಟಲೆ ಬೇಕಾಗಿರತ್ತೆ.

ಹಳೇಟೇಪು

ಕರಣೆ_ರವೆ ಅವ್ರೇ, ರವೆ ಒಣಗೋ ವಿಷಯ ಬರೆದಿದ್ದಕ್ಕೆ ಥ್ಯಾಂಕ್ಸ್, ಇದನ್ನ ಮಾಸ್ಟರಿಂಗ್ ಮಾಡೋರು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಇನ್ನು ಪೀಕ್ ಏರಿದ್ದಕ್ಕೆ ಉತ್ತರ. ನಿಮ್ಮ ಟ್ರ್ಯಾಕ್ ಮಿಕ್ಸರ್‌ನಲ್ಲೇ ಲಿಮಿಟರ್ (ಪೀಕ್ ಒಂದು ಮಿತಿ ದಾಟದಂಗೆ ಒತ್ತೋ ಸಾಧನ) ದಾಟಿ ಬಂದಿರಬೇಕು, ಅಲೆಯ ತಲೆ ಚಪ್ಪಟೆ ಇರತ್ತೆ. ಚಪ್ಪಟೆ ಇರೋದು ಯಾಕೆ ಅಂದ್ರೆ ಕೆಳಗಿನ ನಾದ ಮೇಲಿನ ನಾದ ಒಂದಕ್ಕೊಂದು ಸರಿಯಾದ ಹೊತ್ತಿಗೆ ಕೂತಿರೋದ್ರಿಂದ. ಚೌಕ ಅಲೆ ನೆನಪಿಸ್ಕೊಳ್ಳಿ, ಅದರ ಮೂಲ ನಾದ ಒಂದನ್ನೇ ತೆಗೆದು ನೋಡಿದ್ರೆ ಅದರ ಎತ್ತರ ಚೌಕದ ಎತ್ತರಕ್ಕಿಂತ 1.27 ಪಟ್ಟು ಇರತ್ತೆ, ಮೇಲಿನ ಹಾರ್ಮೋನಿಕ್‌ಗಳು ಅದರ ತಲೆ ಒತ್ತಿ ಹಿಡ್ಕೊಂಡಿರ್ತವೆ. ಫಿಲ್ಟರ್ ಆ ಹೊತ್ತು ಕದಲಿಸಿದ್ರೆ ಹಿಡಿತ ಬಿಡತ್ತೆ, ತಲೆ ಏಳತ್ತೆ. ಶಕ್ತಿ ಕಡಿಮೆ ಆಗಿರತ್ತೆ, ಪೀಕ್ ಜಾಸ್ತಿ ಆಗಿರತ್ತೆ, ಎರಡೂ ಒಟ್ಟಿಗೆ ನಿಜ. ಸ್ಲೋಪ್ ಕಡಿದಾದಷ್ಟೂ, ಕಟಾಫ್ ಮೇಲಿದ್ದಷ್ಟೂ ಇದು ಜಾಸ್ತಿ. ಅದಕ್ಕೇ ಹೈಪಾಸ್ ಯಾವಾಗ್ಲೂ ನಿಮ್ಮ ಕೊನೇ ಲಿಮಿಟರ್‌ಗಿಂತ ಮುಂಚೆ ಇರ್ಬೇಕು, ಲಿಮಿಟರ್ ಆದ್ಮೇಲೆ ಹಾಕಿದ್ರೆ ಅದು ಮಾಡಿದ ಕೆಲಸ ಎಲ್ಲಾ ಬಿಚ್ಚಿಹೋಗತ್ತೆ.

ಚೆಂಡೆ_ಮದ್ದಳೆ

ಉಡುಪಿ ಕಡೆಯವ ನಾನು, ಯಕ್ಷಗಾನ ಬಯಲಾಟ ರೆಕಾರ್ಡ್ ಮಾಡ್ತೇನೆ. ನಮ್ಮಲ್ಲಿ ಗಾಳಿ ಉಂಟಲ್ಲ ಮಾರ್ರೆ, ರಾತ್ರಿ ಎರಡು ಗಂಟೆಗೆ ಗದ್ದೆ ಗಾಳಿ ಮೈಕಿಗೆ ಹೊಡೆದ್ರೆ 80 ಹರ್ಟ್ಜ್‌ವರೆಗೂ ಗುಂ ಅಂತದೆ. ಭಾಗವತರ ಮೈಕಿಗೆ ನಾನು 100ಕ್ಕೆ 18 ಡಿಬಿ ಹಾಕಿದ್ದುಂಟು, ಏನೂ ತೊಂದರೆ ಆಗ್ಲಿಲ್ಲ. ಹಾಗಾಗಿ ಕಡಿದಾದ ಸ್ಲೋಪ್ ಅಂದ್ರೆ ಪಾಪ ಅಂತ ಹೇಳುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಆದ್ರೆ ಒಂದು ವ್ಯತ್ಯಾಸ ಉಂಟು, ಒಂದೇ ಮೈಕಿಗೆ ಹಾಕುವುದು ಬೇರೆ, ಕೂಡಿಸಿದ ಸ್ಟೀರಿಯೋಗೆ ಹಾಕುವುದು ಬೇರೆ. ಭಾಗವತರ ಮೈಕಿನಲ್ಲಿ 100ರ ಕೆಳಗೆ ಇರುವುದು ಗಾಳಿ ಮಾತ್ರ, ತೆಗೆದ್ರೆ ಯಾರಿಗೆ ನಷ್ಟ? ಮಾಸ್ಟರಿನಲ್ಲಿ ಮದ್ದಳೆಯ ತಳ, ಧ್ವನಿಯ ತಳ, ಸ್ಟೇಜಿನ ಗುಡುಗು ಎಲ್ಲ ಒಂದೇ ಕೊಡದ ನೀರು. ಒಬ್ಬನಿಗೆ ಹಾಕಿದ ಮದ್ದು ಎಲ್ಲರೂ ಕುಡಿಯಬೇಕಾಗ್ತದೆ.

ಮತ್ತೆ ಮಿಕ್ಸ್ ಮಾಡಿದವರು ಆಗ್ಲೇ ಫಿಲ್ಟರ್ ಹಾಕಿದ್ದಾರಾ ಕೇಳಿದ್ರಾ? ಮಿಕ್ಸರ್‌ನಲ್ಲಿ ಚಾನೆಲ್ ಲೋಕಟ್ (ಹೈಪಾಸ್ ಗುಂಡಿ) ಒತ್ತಿಯೇ ಇರ್ತಾರೆ ಹೆಚ್ಚಿನವರು.

ಹುಬ್ಬಳ್ಳಿ_ಸರ್ಕ್ಯೂಟ್

ಚೆಂಡೆ ಅವರು ಕೇಳಿದ್ದು ಭಾಳ ಮುಖ್ಯ. ಫಿಲ್ಟರ್ ಮ್ಯಾಲ ಫಿಲ್ಟರ್ ಬಿದ್ರ ಸ್ಲೋಪ್ ಕೂಡ್ತೈತಿ, ಕಟಾಫ್‌ನ ನಷ್ಟನೂ ಕೂಡ್ತೈತಿ. ಬಟರ್‌ವರ್ತ್ ಅಂದ್ರ ಯಾವ ಆರ್ಡರ್ ಇದ್ರೂ ಕಟಾಫ್‌ನ್ಯಾಗ 3 ಡಿಬಿನ. ಸ್ಟೀಫನ್ ಬಟರ್‌ವರ್ತ್ 1930ರಾಗ ಪ್ರಕಟಿಸಿದ ಲೆಕ್ಕ ಅದು, ಮ್ಯಾಲಿನ ಭಾಗ ಆದಷ್ಟು ಸಪಾಟ ಇರಬೇಕು ಅಂತ ಮಾಡಿದ್ದು. ಆದ್ರ 6 ಡಿಬಿಯ ನಾಲ್ಕು ಫಿಲ್ಟರ್ ಒಂದೇ ಜಾಗಾದಾಗ ಸಾಲಾಗಿ ಇಟ್ರ ಅದು 24 ಡಿಬಿ ಬಟರ್‌ವರ್ತ್ ಆಗಂಗಿಲ್ಲ, ಕಟಾಫ್‌ನ್ಯಾಗ 12 ಡಿಬಿ ಬೀಳ್ತೈತಿ, ಮ್ಯಾಲಿನ ಆಕ್ಟೇವ್‌ನ್ಯಾಗ ಸುಮಾರು 4 ಡಿಬಿ ಹೋಗ್ತೈತಿ. 12 ಡಿಬಿ ಬಟರ್‌ವರ್ತ್ ಎರಡು ಕೂಡಿಸಿದ್ರ ಕಟಾಫ್‌ನ್ಯಾಗ 6 ಡಿಬಿ, ಸ್ಪೀಕರ್ ಕ್ರಾಸೋವರ್ ಮಾಡೋರು ಇದನ್ನ ಲಿಂಕ್‌ವಿಟ್ಜ್ ರೈಲಿ ಅಂತ ಬೇಕಂತಲೇ ಬಳಸ್ತಾರ. ಹಂಗಾಗಿ 24 ಡಿಬಿ ಅಂತ ಬರದಿದ್ರೂ ಎರಡು ಪ್ಲಗಿನ್ ಒಂದೇ ತರ ಕೇಳಂಗಿಲ್ಲ.

ಇನ್ನ ಕೆಲವು ಇಕ್ಯೂದಾಗ 12 ಡಿಬಿ ಹೈಪಾಸ್‌ಗೆ ಕ್ಯೂ, ಅಂದ್ರ ಫಿಲ್ಟರ್ ಎಷ್ಟು ಚೂಪು ಅನ್ನೂದು, ಬದಲಿಸಾಕ ಬರ್ತೈತಿ. 0.71 ಇದ್ರ ಸಪಾಟ. 1 ದಾಟಿಸಿದ್ರ ಕಟಾಫ್ ಮ್ಯಾಲ ಉಬ್ಬು ಏಳ್ತೈತಿ. ಪಾಪ್ ಹಾಡಿನ ಕಿಕ್ ಡ್ರಮ್‌ಗೆ ಅದು ಚಂದ ಕೇಳಬಹುದು. ಕಚೇರಿಗೆ ಬ್ಯಾಡ್ರಿ.

ಮಿಕ್ಸ್_ಮಲೆನಾಡು

ಎಲ್ಲಾ ಸರಿ, ಆದ್ರೆ ಈ ಫೇಸ್ ತೊಂದರೆಗೆಲ್ಲಾ ಪರಿಹಾರ ಲೀನಿಯರ್ ಫೇಸ್ ಅಲ್ವಾ? ಯಾವ ನಾದವೂ ತಡ ಆಗಲ್ಲ, ಎಲ್ಲಾ ಒಟ್ಟಿಗೆ ಬರತ್ತೆ. ಮಾಸ್ಟರಿಂಗ್‌ನಲ್ಲಿ ಲೇಟೆನ್ಸಿ ಲೆಕ್ಕಕ್ಕಿಲ್ಲ. ಯಾಕೆ ಎಲ್ರೂ ಇದನ್ನ ಬಿಟ್ಟು ಮಾತಾಡ್ತಿದೀರಿ ಅರ್ಥ ಆಗ್ತಿಲ್ಲ.

ಹಳೇಟೇಪು

ನ್ಯಾಯವಾದ ಪ್ರಶ್ನೆ ಮಲೆನಾಡು ಅವ್ರೇ. ಉತ್ತರ ಶ್ರುತಿಪೆಟ್ಟಿಗೆ ಅವ್ರ ಮೊದಲ ಪೋಸ್ಟ್‌ನಲ್ಲೇ ಇದೆ, ಪೆಟ್ಟಿಗೆ ಮುಂಚೆ ಉಸಿರು.

ಕಡಿದಾದ ಫಿಲ್ಟರ್ ಯಾವ್ದೇ ಇರ್ಲಿ ಕಟಾಫ್ ಹತ್ರ ಸ್ವಲ್ಪ ಹೊತ್ತು ಗುಂಯ್ ಅನ್ನತ್ತೆ, ಗಂಟೆ ಹೊಡೆದಂಗೆ. ಮಿನಿಮಮ್ ಫೇಸ್‌ನಲ್ಲಿ ಆ ಗುಂಯ್ ಪೂರ್ತಿ ಪೆಟ್ಟಿನ ಆಮೇಲೆ ಬರತ್ತೆ. ಲೀನಿಯರ್ ಫೇಸ್‌ನಲ್ಲಿ ಅದು ಎರಡೂ ಕಡೆ ಸಮ ಹಂಚಿಹೋಗತ್ತೆ, ಅರ್ಧ ಪೆಟ್ಟಿಗೆ ಮುಂಚೆ, ಅರ್ಧ ಆಮೇಲೆ. ಆಮೇಲೆ ಬಂದಿದ್ದನ್ನ ಕಿವಿ ಪೆಟ್ಟಿನ ಜೊತೆ ಸೇರಿಸ್ಕೊಂಡು ಬಿಡತ್ತೆ, ಪ್ರಪಂಚದಲ್ಲಿ ಎಲ್ಲಾ ನಾದವೂ ಹಾಗೇ ತಾನೇ, ಹೊಡೆದ ಮೇಲೆ ಅನುರಣನೆ. ಮುಂಚೆ ಬರೋ ಅನುರಣನೆ ಪ್ರಕೃತಿಯಲ್ಲಿ ಇಲ್ಲ, ಅದಕ್ಕೇ ಅದು ಎದ್ದು ಕೇಳತ್ತೆ. ಪಿಟೀಲು ಆಲಾಪನೆ ಮಾತ್ರ ಇದ್ರೆ ನಿಮಗೆ ಲೀನಿಯರ್ ಫೇಸ್ ಚೆನ್ನಾಗೇ ಅನ್ನಿಸತ್ತೆ. ಮೃದಂಗ ಬಂದ ಕೂಡ್ಲೇ ಗೊತ್ತಾಗತ್ತೆ. ಅದೂ 60 ಹರ್ಟ್ಜ್‌ನಲ್ಲಿ 48 ಡಿಬಿ ಅಂದ್ರೆ ಒಂದೊಂದು ಸುತ್ತಿಗೆ 16.7 ಮಿಲಿಸೆಕೆಂಡ್, ಕೆಲವು ಸುತ್ತು ಮುಂಚಿನಿಂದ್ಲೇ ಶುರು ಆದ್ರೆ ಕೇಳ್ದೇ ಇರತ್ತಾ.

ಇನ್ನೊಂದು, ತಳದಲ್ಲಿ ಲೀನಿಯರ್ ಫೇಸ್ ಫಿಲ್ಟರ್ ಸರಿಯಾಗಿ ಕೆಲಸ ಮಾಡೋಕೆ ಉದ್ದ ಬೇಕು. 44.1 ಕಿಲೋಹರ್ಟ್ಜ್‌ನಲ್ಲಿ 4096 ಸ್ಯಾಂಪಲ್ ಉದ್ದದ್ದಕ್ಕೆ ಸುಮಾರು 11 ಹರ್ಟ್ಜ್ ಆಚೀಚೆಯ ವ್ಯತ್ಯಾಸ ಅಷ್ಟೇ ಕಾಣೋದು. ಅದರಲ್ಲಿ 20ನ್ನ ಕತ್ತರಿಸಿ 40ನ್ನ ಉಳಿಸೋದು ಮೊಂಡು ಕತ್ತಿಯಲ್ಲಿ ಕೊತ್ತಂಬರಿ ಹೆಚ್ಚಿದಂಗೆ. ಉದ್ದ ಜಾಸ್ತಿ ಮಾಡಿದ್ರೆ ಕತ್ತರಿಸೋದು ಸರಿ ಹೋಗತ್ತೆ, ಮುಂಚಿನ ಉಸಿರು ಇನ್ನೂ ಉದ್ದ ಆಗತ್ತೆ.

ನಾನು ಲೀನಿಯರ್ ಫೇಸ್ ಬಳಸೋದು ಮೇಲ್ಗಡೆಗೆ, ಅಗಲವಾದ ಬೆಲ್‌ಗಳಿಗೆ. ತಳದ ಹೈಪಾಸ್‌ಗೆ ಅಲ್ಲ.

ಶ್ರುತಿಪೆಟ್ಟಿಗೆ

ಮಿಕ್ಸ್ ಮಾಡಿದವರಿಗೆ ಫೋನ್ ಮಾಡಿ ಕೇಳ್ದೆ. ಗಾಯಕರ ಚಾನೆಲ್‌ಗೆ, ಪಿಟೀಲಿಗೆ ಲೋಕಟ್ ಒತ್ತಿದಾರೆ. ಮೃದಂಗದ ಎರಡು ಮೈಕಿಗೂ ಒತ್ತಿಲ್ಲ. ಸದ್ಯ.

ಹಮ್‌ಗೆ ಏನು ಮಾಡ್ಲಿ ಹೇಳಿ. 50ಕ್ಕೆ ನಾಚ್ (ಆ ಒಂದು ಜಾಗ ಮಾತ್ರ ಕತ್ತರಿಸೋ ಫಿಲ್ಟರ್) ಹಾಕ್ದೆ, ಸರಿಯಾಯ್ತು. 100ಕ್ಕೂ ಅದೇ ತರ ಕ್ಯೂ 10 ಇಟ್ಟು ಹಾಕಿದ ಕೂಡ್ಲೇ ಗಾಯಕರು ಮಂದ್ರ ಪಂಚಮಕ್ಕೆ ಇಳಿದಾಗ ಧ್ವನಿ ಟೊಳ್ಳಾಗತ್ತೆ.

ಹುಬ್ಬಳ್ಳಿ_ಸರ್ಕ್ಯೂಟ್

ಸಿ ಶಾರ್ಪ್ ಶ್ರುತಿಗೆ ಮಂದ್ರ ಪಂಚಮ ಬರೂದು 104ರ ಹತ್ರ, 100ಕ್ಕೂ ಅದಕ್ಕೂ ನಾಲ್ಕು ಹರ್ಟ್ಜ್ ಅಂತರಾನೂ ಇಲ್ಲ. ಕ್ಯೂ 10 ಅಂದ್ರ 100ರ ಸುತ್ತ ಹತ್ತು ಹರ್ಟ್ಜ್ ಅಗಲ, ಪಂಚಮ ಅದರೊಳಗನ ಬಿತ್ತು. ಲೆಕ್ಕ ಹಾಕಿದ್ರ ಅಲ್ಲಿ 4.4 ಡಿಬಿ ಹೋಗ್ತೈತಿ. ಕ್ಯೂ 25 ಮಾಡ್ರಿ, 1.1 ಡಿಬಿಗೆ ಇಳೀತೈತಿ. ಪೂರ್ತಿ ನಾಚ್ ಬದಲು 10 ಡಿಬಿ ಇಳಿಸೂ ಸಣ್ಣ ಬೆಲ್ (ಒಂದು ಜಾಗದ ಸುತ್ತ ಅಷ್ಟ ಏರಿಸೂ ಇಳಿಸೂ ಫಿಲ್ಟರ್) ಇಟ್ರ ಇನ್ನೂ ಕಡಿಮಿ. ನಾಚ್‌ನ ಕ್ಯೂ ಅಂದ್ರೂ ಒಂದು ಲೆಕ್ಕದಾಗ ಸ್ಲೋಪ್ ಆರಿಸಿದಂಗನ ಆತು.

ಆದ್ರ ಜನರೇಟರ್ ಅಂದ್ರಲ್ಲ, ಅಲ್ಲಿ ಹುಷಾರು. ಗ್ರಿಡ್ ಕರೆಂಟು 50ರ ಹತ್ರನ ನಿಲ್ತೈತಿ. ಜನರೇಟರ್ ಹಂಗಲ್ಲ, ಲೋಡ್ ಬಿದ್ರ ಇಳೀತೈತಿ, ಲೋಡ್ ಹೋದ್ರ ಏರ್ತೈತಿ. ಸಣ್ಣ ನಾಚ್ ಇಟ್ರ ಹಮ್ ಅದನ್ನ ತಪ್ಪಿಸ್ಕೊಂಡು ಹೊರಗ ನಿಲ್ತೈತಿ.

ಶ್ರುತಿಪೆಟ್ಟಿಗೆ

ಹೌದು ಸರ್! ಸ್ಪೆಕ್ಟ್ರೋಗ್ರಾಮ್ ತೆಗೆದು ನೋಡಿದ್ರೆ ಜನರೇಟರ್ ಓಡಿದ ಎರಡು ತುಂಡುಗಳಲ್ಲಿ ಗೆರೆ 51ಕ್ಕೂ ಮೇಲೆ ಹೋಗಿ ಅಲ್ಲಾಡ್ತಿದೆ. ಅವೆರಡನ್ನ ಬೇರೆ ಕತ್ತರಿಸಿ ಬೇರೆ ನಾಚ್ ಇಡ್ತೀನಿ.

ಟೇಪ್_ಹಿಸ್ಸು

ಮಧ್ಯೆ ಬರ್ತಿರೋದಕ್ಕೆ ಕ್ಷಮಿಸಿ, ಮೇಲ್ಗಡೆ ಸ್ಲೋಪ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಮ್ಮ ತಂದೆ ಸಂಗ್ರಹದ ಹಳೇ ಕ್ಯಾಸೆಟ್‌ಗಳನ್ನ ಡಿಜಿಟಲ್ ಮಾಡ್ತಿದೀನಿ, ಹಿಸ್ ತೆಗೆಯೋಕೆ 10 ಕಿಲೋಹರ್ಟ್ಜ್‌ಗೆ 24 ಡಿಬಿ ಲೋಪಾಸ್ ಹಾಕಿದ್ರೆ ಹಾಡೋರು ಕಂಬಳಿ ಹೊದ್ದು ಹಾಡಿದಂಗಾಗತ್ತೆ.

ಹಳೇಟೇಪು

ಅಮ್ಮಾ, ಹಿಸ್ ಎಲ್ಲಾ ಕಡೆ ಹರಡಿರತ್ತೆ, ಅದಕ್ಕೆ ಗೋಡೆ ಕಟ್ಟಿ ಪ್ರಯೋಜನ ಇಲ್ಲ. ಸಂಗೀತ ನಿಜವಾಗ್ಲೂ ಎಲ್ಲಿ ಮುಗಿಯತ್ತೋ ಅದರ ಮೇಲೆ 12 ಡಿಬಿ ಲೋಪಾಸ್ ಇಡಿ, ಕ್ಯಾಸೆಟ್ ಚೆನ್ನಾಗಿದ್ರೆ 14 ಕಿಲೋಹರ್ಟ್ಜ್ ಹತ್ರ. ಉಳಿದಿದ್ದಕ್ಕೆ ಹೈ ಶೆಲ್ಫ್ (ಒಂದು ಜಾಗದ ಮೇಲಿನದ್ದೆಲ್ಲಾ ಒಟ್ಟಿಗೆ ಇಳಿಸೋದು), ಒಂದೂವರೆ ಎರಡು ಡಿಬಿ ಇಳಿಸಿ ಸಾಕು. ಬ್ಯಾಕ್ಸಾಂಡಲ್ ತರದ ಅಗಲ ಶೆಲ್ಫ್ ಇದ್ರೆ ಅದನ್ನೇ ತಗೊಳ್ಳಿ, ಪೀಟರ್ ಬ್ಯಾಕ್ಸಾಂಡಲ್ 1952ರಲ್ಲಿ ಪ್ರಕಟಿಸಿದ ಟೋನ್ ಕಂಟ್ರೋಲ್, ಮನೆ ಆಂಪ್ಲಿಫೈಯರ್‌ಗಳ ಬಾಸ್ ಟ್ರೆಬಲ್ ತಿರುಪು ಬಹುಪಾಲು ಅದರ ವಂಶದ್ದೇ. ಎಲ್ಲಿ ಶುರು ಎಲ್ಲಿ ಮುಗೀತು ಕಿವಿಗೆ ಗೊತ್ತಾಗಲ್ಲ, ಅದೇ ಅದರ ಗುಣ. ತಂಬೂರಿ ಜೀವಾಳಿ (ತಂತಿಯ ಝೇಂಕಾರ) ಇರೋದು ಮೇಲಿನ ಹಾರ್ಮೋನಿಕ್‌ಗಳಲ್ಲಿ, ಹಿಸ್ ಜೊತೆ ಅದನ್ನ ಕಳ್ಕೊಂಡ್ರೆ ಶ್ರುತಿನೇ ಮಂಕಾಗತ್ತೆ. ಸ್ವಲ್ಪ ಹಿಸ್ ಇರ್ಲಿ ಬಿಡಿ.

ಹುಬ್ಬಳ್ಳಿ_ಸರ್ಕ್ಯೂಟ್

ಒಂದ ಮಾತು ಸೇರಸ್ತೀನಿ. 44.1ರಾಗ 16 ಕಿಲೋಹರ್ಟ್ಜ್ ಹತ್ರ ಡಿಜಿಟಲ್ ಇಕ್ಯೂ ಆಕಾರ ಕೆಲವು ಪ್ಲಗಿನ್‌ನ್ಯಾಗ ಮುದುಡ್ತೈತಿ, ಮ್ಯಾಲಿನ ಮಿತಿ 22.05 ಅಡ್ಡ ಬರ್ತೈತಿ. ಓವರ್‌ಸ್ಯಾಂಪ್ಲಿಂಗ್ ಗುಂಡಿ ಇದ್ರ ಒತ್ರಿ, ಇಲ್ಲಂದ್ರ 96ರಾಗ ಕ್ಯಾಪ್ಚರ್ ಮಾಡಿ ಕೆಲಸಾ ಮುಗಿಸಿ ಆಮ್ಯಾಲ ಇಳಸ್ರಿ.

ಚೆಂಡೆ_ಮದ್ದಳೆ

ಶ್ರುತಿಪೆಟ್ಟಿಗೆಯವರೇ, 20 ಹರ್ಟ್ಜ್ ಗುಡುಗು ತೆಗೆಯದೇ ಹಾಗೇ ಬಿಟ್ರೆ ಏನಾಗ್ತದೆ ಅಂತಲೂ ಒಮ್ಮೆ ನೋಡಿ. ಹೆಚ್ಚಿನವರ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ.

ಹಳೇಟೇಪು

ಕೇಳ್ದೇ ಇದ್ರೂ ಅದು ಜಾಗ ತಿನ್ನತ್ತೆ ಚೆಂಡೆ ಅವ್ರೇ. ಸ್ಟ್ರೀಮಿಂಗ್‌ನವರು ಬಳಸೋ ಬಿಎಸ್ 1770 ಲೌಡ್‌ನೆಸ್ ಅಳತೆಯ ಒಳಗೇ ಒಂದು ಹೈಪಾಸ್ ಇದೆ, 20 ಹರ್ಟ್ಜ್ ಅದರ ಲೆಕ್ಕಕ್ಕೆ ಅಷ್ಟಾಗಿ ಬರಲ್ಲ. ಆದ್ರೆ ನಿಮ್ಮ ಲಿಮಿಟರ್‌ಗೆ ಬರತ್ತೆ. ಯಾರೋ ಸ್ಟೇಜ್ ಮೇಲೆ ಕಾಲಿಟ್ಟಾಗ ಲಿಮಿಟರ್ ಒತ್ತತ್ತೆ, ಗಾಯಕರ ಧ್ವನಿ ಕುಗ್ಗತ್ತೆ, ಕೇಳೋರಿಗೆ ಯಾಕೆ ಅಂತ ಗೊತ್ತಾಗಲ್ಲ. ಹಾಗಾಗಿ ಇಲ್ಲಿ ಹೈಪಾಸ್‌ಗೆ ಕಾರಣ ಇದೆ. ಕಾರಣ ಇಲ್ದೇ ಇರೋ ರೆಕಾರ್ಡಿಂಗ್‌ಗೆ ನಾನು ಹಾಕೋದೇ ಇಲ್ಲ, ಮಲೆನಾಡು ಅವ್ರು ಎಲ್ಲದಕ್ಕೂ ಹಾಕ್ತೀನಿ ಅಂದಿದ್ದಕ್ಕೆ ಹೇಳ್ತಿದೀನಿ.

ಮಿಕ್ಸ್_ಮಲೆನಾಡು

ಒಪ್ತೀನಿ ಸರ್. ನಿನ್ನೆ ನನ್ನದೇ ಹಳೇ ಭಾವಗೀತೆ ಮಾಸ್ಟರ್ ಒಂದನ್ನ ಹೈಪಾಸ್ ತೆಗೆದು, ಲೆವೆಲ್ ಸಮ ಮಾಡಿ ಕೇಳ್ದೆ. ತಬಲಾದ ಡಗ್ಗಾಕ್ಕೆ ಉಸಿರಾಡೋ ಜಾಗ ಸಿಕ್ಕಿದೆ. ಲೀನಿಯರ್ ಫೇಸ್ ಪೂರ್ತಿ ಬಿಡಲ್ಲ ನಾನು, ಆದ್ರೆ ತಾಳವಾದ್ಯ ಇರೋ ಕಡೆ ಎರಡೂ ಹಾಕಿ ಕೇಳಿ ಆಮೇಲೆ ನಿರ್ಧಾರ ಮಾಡ್ತೀನಿ.

ಶ್ರುತಿಪೆಟ್ಟಿಗೆ

ಮೂರು ದಿನ ಕೂತು ಮಾಡ್ದೆ. ಏನಾಯ್ತು ಅಂತ ಬರೀತೀನಿ.

ಹೈಪಾಸ್ 30ಕ್ಕೆ ತಂದೆ, ಮಿನಿಮಮ್ ಫೇಸ್. 6, 12, 18, 24 ನಾಲ್ಕನ್ನೂ ಬೇರೆ ಬೇರೆ ಫೈಲ್ ಮಾಡಿ, ಲೌಡ್‌ನೆಸ್ ಸಮ ಮಾಡಿ, ಹೆಸರು ಮುಚ್ಚಿಟ್ಟು ತಂಗಿ ಕೈಲಿ ಪ್ಲೇ ಮಾಡಿಸ್ದೆ. 6ರಲ್ಲಿ ಗುಡುಗು ಹಾಗೇ ಉಳಿದಿತ್ತು, ಒಟ್ಟು ತಳ ಸ್ವಲ್ಪ ತೆಳ್ಳಗೂ ಆಗಿತ್ತು. 12 ಮತ್ತು 18ರ ಮಧ್ಯೆ ಮೃದಂಗದಲ್ಲಿ ವ್ಯತ್ಯಾಸ ಹೇಳೋಕಾಗ್ಲಿಲ್ಲ. 24ನ್ನ ನಾನು ಐದು ಸಲದಲ್ಲಿ ನಾಲ್ಕು ಸಲ ಗುರುತು ಹಿಡಿದೆ, ತನಿಯಲ್ಲಿ ಮಾತ್ರ, ಕೃತಿಗಳಲ್ಲಿ ಆಗ್ಲಿಲ್ಲ. 18ಕ್ಕೆ 20 ಹರ್ಟ್ಜ್‌ನಲ್ಲಿ ಹತ್ತಿರ ಹತ್ತಿರ 11 ಡಿಬಿ ಇಳಿಯತ್ತೆ, ಲಿಮಿಟರ್ ಕಾಲಿನ ಸದ್ದಿಗೆ ಒತ್ತೋದು ನಿಂತಿತು. ಅದನ್ನೇ ಇಟ್ಟೆ. ತನಿ ಆವರ್ತನದಲ್ಲಿ ಯಾರೂ ಸ್ಟೇಜ್ ಮೇಲೆ ಓಡಾಡಿಲ್ಲ, ಅಲ್ಲಿ 12ಕ್ಕೆ ಇಳಿಸ್ದೆ, ಚಪ್ಪಾಳೆ ಬರೋ ಜಾಗದಲ್ಲಿ ಒಂದರಿಂದ ಇನ್ನೊಂದಕ್ಕೆ ಕ್ರಾಸ್‌ಫೇಡ್ ಮಾಡಿದೀನಿ.

50, 100, 150ಕ್ಕೆ ಕ್ಯೂ 25ರ ಬೆಲ್, ಜನರೇಟರ್ ತುಂಡುಗಳಿಗೆ ಬೇರೆ. ಮಂದ್ರ ಪಂಚಮ ವಾಪಸ್ ತುಂಬಿ ಬಂತು. ಎಲ್ಲಾ ಆದ್ಮೇಲೆ ಲಿಮಿಟರ್, ಟ್ರೂ ಪೀಕ್ ಮೈನಸ್ 1.

ಮೃದಂಗ ನುಡಿಸಿದವರಿಗೆ ತನಿ ಭಾಗ ಮಾತ್ರ ಕಳಿಸಿದ್ದೆ. ಫಿಲ್ಟರ್ ವಿಷಯ ಏನೂ ಹೇಳಿರಲಿಲ್ಲ. ಅವರು ವಾಪಸ್ ಕೇಳಿದ್ದು ಒಂದೇ, ಖಂಡ ನಡೆ ಮುಗಿಯೋ ಹೊತ್ತಿಗೆ ಎಡದ ರವೆ ಒಣಗಿತ್ತಲ್ಲ, ಶ್ರುತಿ ಏರಿದ್ದು ರೆಕಾರ್ಡಿಂಗ್‌ನಲ್ಲಿ ಗೊತ್ತಾಗ್ತಿದೆಯಲ್ಲಾ, ಅದನ್ನೇನಾದ್ರೂ ಸರಿ ಮಾಡಕ್ಕಾಗತ್ತಾ ಅಂತ.

ಕರಣೆ_ರವೆ

ಅದನ್ನ ಹಾಗೇ ಬಿಡಿ. ಮಧ್ಯೆ ಅವರು ನೀರು ಮುಟ್ಟಿಸಿ ಮತ್ತೆ ಇಳಿಸಿರ್ತಾರೆ, ಆ ಇಳಿದದ್ದೂ ಕೇಳತ್ತಾ ನೋಡಿ.

ಶ್ರುತಿಪೆಟ್ಟಿಗೆ

ಕೇಳತ್ತೆ. ಮೋಹರಾ (ತನಿಯ ಕೊನೇ ಕಡೆಯ ಭಾಗ) ಶುರುವಾಗೋಕೆ ಸ್ವಲ್ಪ ಮುಂಚೆ. ಮುಂಚಿನ ಫಿಲ್ಟರ್‌ನಲ್ಲಿ ಅದು ಕೇಳಿಸಿರಲಿಲ್ಲ.